ಸಿಡಿಯದ ಶೆಲ್ಲಿನ ಲೆಕ್ಕ ಯಾರ ಹತ್ತಿರ ಇದೆ? ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ ನಮಸ್ಕಾರ.

ಕಾಶ್ಮೀರದ ಬಡ್ಗಾಮ್ ಜಿಲ್ಲೆಯ ತೋಸಾ ಮೈದಾನ ಕುರಿಗಾಹಿಗಳ ಹುಲ್ಲುಗಾವಲು. 1964ರಲ್ಲಿ ಅದು ಫಿರಂಗಿ ತಾಲೀಮಿಗೆಂದು ಸೇನೆಗೆ ಗುತ್ತಿಗೆ ಹೋಯಿತು. 2014ರ ಏಪ್ರಿಲ್‌ನಲ್ಲಿ ಅವಧಿ ಮುಗಿದಾಗ ಊರವರ ಹೋರಾಟದಿಂದಾಗಿ ನವೀಕರಣ ಆಗಲಿಲ್ಲ; ಸಿಡಿಯದೆ ಉಳಿದಿದ್ದ ಶೆಲ್ಲುಗಳನ್ನು, ಅಂದರೆ ಸ್ಫೋಟಕ ತುಂಬಿದ ಫಿರಂಗಿ ಗುಂಡುಗಳನ್ನು, ಸೇನೆಯೇ ಹುಡುಕಿ ನಾಶ ಮಾಡಿತು. ಆ 50 ವರ್ಷಗಳಲ್ಲಿ 60ಕ್ಕೂ ಹೆಚ್ಚು ಜನ ಸತ್ತರೆಂಬುದು ಸುತ್ತಲ ಹಳ್ಳಿಗಳ ಲೆಕ್ಕ.

ತಾಲೀಮು ಬೇಡ ಎನ್ನುವವರು ನಾವಲ್ಲ. ಗುಂಡು ಹಾರಿಸದೆ ಗನ್ನರ್ ತಯಾರಾಗುವುದಿಲ್ಲ. ನಮ್ಮ ತಕರಾರು ಸಿಡಿಯದೆ ಉಳಿದ ಶೆಲ್ಲಿನದು. ಸೇನೆಯವರು ಅದನ್ನು 'ಬ್ಲೈಂಡ್' ಅನ್ನುತ್ತಾರೆ.

105 ಮಿ.ಮೀ. ಶೆಲ್ ನಳಿಗೆ ಬಿಡುವಾಗಿನ ಜರ್ಕಿಗೆ, ಗಿರಗಿರ ತಿರುಗುವ ರಭಸಕ್ಕೆ ಅದನ್ನು ಸಿಡಿಸುವ ಸಾಧನವಾದ ಫ್ಯೂಜಿನ ಸುರಕ್ಷತಾ ತಡೆಗಳು ಕಳಚುತ್ತವೆ. ಆಮೇಲೆ ಅದು ಹಿಮಕ್ಕೋ ಕೆಸರಿಗೋ ಇಳಿದರೆ, ಇಲ್ಲವೇ ತೀರಾ ಓರೆಯಾಗಿ ನೆಲ ಸವರಿದರೆ, ಫ್ಯೂಜಿಗೆ ಬೇಕಾದ ಪೆಟ್ಟು ಬೀಳದೆ ಹೋಗಬಹುದು. ಅಂದರೆ ಅದು ಸತ್ತ ಶೆಲ್ ಅಲ್ಲ, ಬೀಗ ತೆಗೆದಿಟ್ಟ ಶೆಲ್. ಅದರ ಸೊಂಟಕ್ಕೊಂದು ತಾಮ್ರದ ಪಟ್ಟಿ ಇರುತ್ತದೆ, ಗುಜರಿಯಲ್ಲಿ ಅದಕ್ಕೆ ಬೆಲೆ ಇದೆ. ಬಿಡಿಸಲು ಸುತ್ತಿಗೆ ಎತ್ತಿದರೆ ಮುಗಿಯಿತು. ಹೊಗೆ ಶೆಲ್ಲಿನ ಬಿಳಿ ರಂಜಕ ಮಣ್ಣೊಳಗೆ ಸುಮ್ಮನಿದ್ದು, ಗಾಳಿ ತಾಗಿದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಸಾಲಾಗಿ ನಡೆದು ಕಣ್ಣಲ್ಲಿ ಹುಡುಕಿದರೆ ಸಿಗುವುದು ಮೇಲೆ ಬಿದ್ದದ್ದು ಮಾತ್ರ. ಆಳದ್ದಕ್ಕೆ ನೆಲದೊಳಗಿನ ಕಬ್ಬಿಣವನ್ನು ಪತ್ತೆಹಚ್ಚುವ ಮ್ಯಾಗ್ನೆಟೋಮೀಟರ್ ಬೇಕು. ಅದು ಉಕ್ಕಿನ ಚೂರಿಗೂ ಸದ್ದು ಮಾಡುವುದರಿಂದ ಒಂದೊಂದನ್ನೂ ಅಗೆದೇ ನೋಡಬೇಕು. ಸಿಕ್ಕ ಬ್ಲೈಂಡನ್ನು ಎತ್ತುವಂತಿಲ್ಲ, ಪಕ್ಕದಲ್ಲಿ ಸ್ಫೋಟಕ ಇಟ್ಟು ಅಲ್ಲೇ ಸಿಡಿಸಬೇಕು. ಇಷ್ಟಾದರೂ ನೆಲ ಹೆಪ್ಪುಗಟ್ಟಿ ಕರಗುವಾಗ ಹೂತದ್ದು ಮೇಲೇಳುತ್ತದೆ, ಮಳೆನೀರು ಅದನ್ನು ಹಳ್ಳಕ್ಕೆ ಎಳೆಯುತ್ತದೆ. ಒಮ್ಮೆ ಬರೆದುಕೊಟ್ಟ 'ಜಾಗ ಶುದ್ಧ' ಎಂಬ ಕಾಗದ ಮುಂದಿನ ಹಿಮ ಕರಗುವವರೆಗಷ್ಟೇ.

ಇಂಥ ತಾಲೀಮುಗಳಿಗೆಲ್ಲ ಆಧಾರ ಸೇನಾ ಕವಾಯತು ಮತ್ತು ಫಿರಂಗಿ ತಾಲೀಮಿನ 1938ರ ಕಾಯ್ದೆ. ಅದರಲ್ಲಿ ಆಸ್ತಿಗೆ ಮಾತ್ರವಲ್ಲ, ಮೈಗಾದ ಹಾನಿಗೂ ಪರಿಹಾರವಿದೆ. ಅಂದಾಜಿಗೆ ಕಂದಾಯ ಅಧಿಕಾರಿ ಪಡೆಯ ಜೊತೆಗೇ ಹೋಗಬೇಕು. ಪಡೆ ಹೊರಟಾಗ ಅಧಿಕಾರಿಯೂ ಹೊರಡುತ್ತಾನೆ, ಬ್ಲೈಂಡ್ ಅಲ್ಲೇ ಇರುತ್ತದೆ. ಇಪ್ಪತ್ತು ವರ್ಷದ ಮೇಲೆ ಸಿಡಿದರೆ ಅರ್ಜಿ ಯಾರಿಗೆ ಕೊಡಬೇಕು?

ಜಾರ್ಖಂಡದ ನೇತರ್‌ಹಾಟ್‌ನಲ್ಲಿ ಫಿರಂಗಿ ತಾಲೀಮಿಗೆ ಜಾಗ ಗೊತ್ತುಮಾಡಿದ್ದ ಅಧಿಸೂಚನೆಯನ್ನು 2022ರಲ್ಲಿ ಅಲ್ಲಿನ ಸರ್ಕಾರ ಮುಂದುವರಿಸಲಿಲ್ಲ. ಇನ್ನೂ ಜಾಗಗಳು ಹಿಂದಿರುಗಲಿವೆ. ಆದ್ದರಿಂದ ಹಾರಿಸಿದ್ದೆಷ್ಟು, ಸಿಡಿದದ್ದೆಷ್ಟು, ಉಳಿದದ್ದು ಎಲ್ಲಿ ಎಂಬ ಪಟ್ಟಿ ಮತ್ತು ನಕ್ಷೆ ಪ್ರತಿ ತಾಲೀಮಿನ ನಂತರ ಸ್ಥಳೀಯ ಪಂಚಾಯಿತಿಗೆ ತಲುಪಲಿ. ಜಾಗ ಬಿಟ್ಟುಕೊಟ್ಟ ಮೇಲೂ ಕನಿಷ್ಠ ಐದು ವರ್ಷ, ಹಿಮ ಅಥವಾ ಮಳೆ ಮುಗಿದೊಡನೆ, ಮರುಶೋಧ ನಡೆಯಲಿ. ಬ್ಲೈಂಡ್‌ನಿಂದಾದ ಸಾವುನೋವಿನ ಪರಿಹಾರಕ್ಕೆ ಕಾಲಮಿತಿ ಇರಕೂಡದು.

ಇಂತಿ,
ಫಿರಂಗಿ ದಳದ ಕೆಲವು ನಿವೃತ್ತರು