ಲಿಂಡಾ ಪೆರಿ ಒಂದೇ ಹಾಡಿಗೆ ಮುಗಿದವರಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಒಂದೇ ಹಾಡಿನಿಂದ ಹೆಸರು ಮಾಡಿ ಮರೆಯಾದ ಪಾಶ್ಚಾತ್ಯ ಪಾಪ್ ತಂಡಗಳ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಅಮೆರಿಕದ 'ಫೋರ್ ನಾನ್ ಬ್ಲಾಂಡ್ಸ್' ತಂಡವನ್ನೂ ಅದರ ಗಾಯಕಿ ಲಿಂಡಾ ಪೆರಿಯವರನ್ನೂ ಅದರಲ್ಲಿ ಎರಡೇ ಸಾಲಿನಲ್ಲಿ ಮುಗಿಸಿ, ಆಮೇಲೆ ಅವರ ಸುದ್ದಿಯೇ ಇಲ್ಲ ಎಂಬರ್ಥದಲ್ಲಿ ಬರೆಯಲಾಗಿದೆ. ತಂಡದ ಮಟ್ಟಿಗೆ ಆ ಮಾತನ್ನು ಒಪ್ಪಬಹುದು. ಗಾಯಕಿಯ ಮಟ್ಟಿಗೆ ಅದು ಪೂರ್ತಿ ತಪ್ಪು.

ಸ್ಯಾನ್ ಫ್ರಾನ್ಸಿಸ್ಕೊದ ಈ ತಂಡ ಒಡೆಯುವ ಮುನ್ನ ಹೊರತಂದದ್ದು ಒಂದೇ ಸ್ಟುಡಿಯೊ ಆಲ್ಬಂ, ಅದೂ 1992ರಲ್ಲಿ. ಅದರಲ್ಲಿದ್ದ 'ವಾಟ್ಸ್ ಅಪ್?' ಹಾಡು ಮರುವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14ನೇ ಸ್ಥಾನಕ್ಕೂ ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೂ ಏರಿತು. ಯೂಟ್ಯೂಬಿನಲ್ಲಿ ಅದರ ವಿಡಿಯೊ ಇಂದು ನೂರು ಕೋಟಿಗೂ ಹೆಚ್ಚು ವೀಕ್ಷಣೆ ಕಂಡಿದೆ. ಈ ಹಾಡನ್ನು ಬರೆದವರೂ ಪೆರಿಯವರೇ. ನಿರ್ಮಾಪಕರು, ಅಂದರೆ ಹಾಡಿನ ಮುದ್ರಣವನ್ನು ರೂಪಿಸುವವರು, ಮೊದಲು ಸಿದ್ಧಪಡಿಸಿದ್ದ ರೂಪ ತಮಗೆ ಒಪ್ಪಿಗೆಯಾಗದೆ ಹಾಡನ್ನು ಮತ್ತೊಮ್ಮೆ ಮುದ್ರಿಸಬೇಕಾಯಿತೆಂದೂ, ಆ ಕೆಲಸವನ್ನು ತಾವೇ ಮುಂದೆ ನಿಂತು ನಡೆಸಿದರೂ ಆಲ್ಬಂ ಮೇಲೆ ನಿರ್ಮಾಪಕಿಯಾಗಿ ತಮ್ಮ ಹೆಸರು ಬರಲಿಲ್ಲವೆಂದೂ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಲೇಖನದಲ್ಲಿ ಈ ಸಂಗತಿಗೆ ಒಂದು ಸಾಲಾದರೂ ಸಿಗಬೇಕಿತ್ತು. ಹಾಡಿದವರ ಮುಖ ಎಲ್ಲರಿಗೂ ಗೊತ್ತು, ಹಾಡು ಕಟ್ಟಿದವರ ಹೆಸರು ಯಾರಿಗೂ ಬೇಡ ಎಂಬ ಅನ್ಯಾಯ ಅವರ ವೃತ್ತಿಜೀವನದಲ್ಲಿ ಶುರುವಾದದ್ದೇ ಇಲ್ಲಿಂದ.

ಎರಡನೇ ಆಲ್ಬಂ ಸಿದ್ಧವಾಗುತ್ತಿದ್ದಾಗಲೇ ಪೆರಿ ತಂಡವನ್ನು ಬಿಟ್ಟರು, ತಂಡವೂ ಒಡೆಯಿತು. 1996ರಲ್ಲಿ ಅವರು ಒಬ್ಬರೇ ಹಾಡಿ ಹೊರತಂದ ಆಲ್ಬಂ ಹೆಚ್ಚು ಮಾರಾಟವಾಗಲಿಲ್ಲ. ಲೇಖಕರು ಅವರನ್ನು ಗಮನಿಸಿದ್ದು ಬಹುಶಃ ಇಷ್ಟರವರೆಗೆ ಮಾತ್ರ.

ಹದಿಹರೆಯದಲ್ಲಿ ಪೆರಿಯವರ ಹಾಡುಗಳನ್ನು ಮೆಚ್ಚಿಕೊಂಡಿದ್ದ ಗಾಯಕಿ ಪಿಂಕ್, ತಮ್ಮ ಎರಡನೇ ಆಲ್ಬಂಗೆ ಅವರೇ ಬೇಕೆಂದು ಹಟ ಹಿಡಿದು, ಅವರ ಫೋನ್ ನಂಬರನ್ನು ಹುಡುಕಿ ತೆಗೆದು ಸಂಪರ್ಕಿಸಿದರು. ಇದರ ಫಲವಾಗಿ ಬಂದ 'ಗೆಟ್ ದ ಪಾರ್ಟಿ ಸ್ಟಾರ್ಟೆಡ್' 2001ರಲ್ಲಿ ಲೋಕವೆಲ್ಲ ಕುಣಿದ ಹಾಡಾಯಿತು. ಬರೆದವರು ಪೆರಿ. ಮರುವರ್ಷ ಕ್ರಿಸ್ಟಿನಾ ಅಗಿಲೆರಾ ಹಾಡಿದ 'ಬ್ಯೂಟಿಫುಲ್' ಬಂತು, ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಅದನ್ನು ಬರೆದವರೂ ನಿರ್ಮಿಸಿದವರೂ ಪೆರಿಯವರೇ.

ಈ ಹಾಡಿನ ರೆಕಾರ್ಡಿಂಗ್ ಬಗ್ಗೆ ತುಸು ವಿವರವಾಗಿ ಹೇಳಬೇಕು. ನಮ್ಮ ಸ್ಟುಡಿಯೊಗಳಲ್ಲಿ 'ಟ್ರ್ಯಾಕ್ ಹಾಡುವುದು' ಎನ್ನುತ್ತಾರಲ್ಲ, ಹಾಗೆ ಸುಮ್ಮನೆ ಅಂದಾಜಿಗೆಂದು ಅಗಿಲೆರಾ ಮೊದಲ ಬಾರಿ ಹಾಡಿದರು. ಜೊತೆಗಿದ್ದ ಗೆಳತಿಯ ಮುಂದೆ ಸಂಕೋಚವಾಗಿ, ಹಾಡು ಶುರುವಾಗುವ ಮುನ್ನ 'ನನ್ನನ್ನು ನೋಡಬೇಡ' ಎಂದದ್ದೂ ಮೈಕಿನಲ್ಲಿ ದಾಖಲಾಯಿತು. ಎಲ್ಲವನ್ನೂ ತಿದ್ದಿ ತೀಡುವ ಸ್ವಭಾವದ ಅಗಿಲೆರಾ ಮತ್ತೆ ಹಾಡುತ್ತೇನೆಂದರು, ಆದರೆ ಪೆರಿ ಒಪ್ಪಲಿಲ್ಲ. ತನ್ನ ಬಗ್ಗೆ ತನಗೇ ನಂಬಿಕೆಯಿಲ್ಲದವರ ಅಳುಕನ್ನು ಹೇಳುವ ಹಾಡಿಗೆ ಆ ಅಳುಕಿದ ದನಿಯೇ ಸರಿ ಎಂದು ಪಟ್ಟು ಹಿಡಿದು, ಮೊದಲ ಹಾಡುಗಾರಿಕೆಯನ್ನೂ ಆರಂಭದ ಆ ಮಾತನ್ನೂ ಹಾಗೆಯೇ ಉಳಿಸಿದರು. ನಾವು ಇಂದಿಗೂ ಕೇಳುವುದು ಅದನ್ನೇ. ಇಂಥ ತೀರ್ಮಾನಕ್ಕೆ ಬರಲು ಸ್ವತಃ ಹಾಡಿ ಗೊತ್ತಿರುವ ಕಿವಿ ಬೇಕು. ಸ್ವಂತ ಹಾಡಿನ ಮೊದಲ ರೂಪವನ್ನು ಒಪ್ಪದೆ ಮತ್ತೆ ಮುದ್ರಿಸಿದ ಅನುಭವವೂ ಅವರ ಬೆನ್ನಿಗಿತ್ತೆಂದೇ ನನ್ನ ನಂಬಿಕೆ.

ಗಾಯಕಿ ಗ್ವೆನ್ ಸ್ಟೆಫಾನಿ ಮುಂತಾದವರೊಂದಿಗೂ ಅವರು ಹಾಡುಗಳನ್ನು ಬರೆದರು, ಗಾಯಕ ಜೇಮ್ಸ್ ಬ್ಲಂಟ್ ಅವರನ್ನು ತಮ್ಮ ರೆಕಾರ್ಡ್ ಕಂಪನಿಗೆ ಸೇರಿಸಿಕೊಂಡರು, 2015ರಲ್ಲಿ ಅಮೆರಿಕದ ಗೀತರಚನಕಾರರ 'ಹಾಲ್ ಆಫ್ ಫೇಮ್' ಗೌರವಕ್ಕೆ ಪಾತ್ರರಾದರು. 2019ರ ಗ್ರ್ಯಾಮಿ ಸಂಗೀತ ಪ್ರಶಸ್ತಿಗಳಲ್ಲಿ ವರ್ಷದ ನಿರ್ಮಾಪಕ ಪ್ರಶಸ್ತಿಗೆ ಅವರ ಹೆಸರು ನಾಮನಿರ್ದೇಶನಗೊಂಡಾಗ, ಆ ವಿಭಾಗದಲ್ಲಿ ಮಹಿಳೆಯೊಬ್ಬರ ಹೆಸರು ಕಾಣಿಸಿ 15 ವರ್ಷಗಳೇ ಕಳೆದಿದ್ದವು. ಪ್ರಶಸ್ತಿ ಬೇರೆಯವರ ಪಾಲಾಯಿತು. ಆದರೂ ಮೊದಲ ಆಲ್ಬಂ ಮೇಲೆ ನಿರ್ಮಾಪಕಿಯೆನಿಸಿಕೊಳ್ಳದ ಹೆಣ್ಣುಮಗಳು ಅಲ್ಲಿಯವರೆಗೆ ಬಂದದ್ದು ಸಣ್ಣ ಮಾತಲ್ಲ.

ಲೇಖಕರ ಶ್ರಮವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಗಾಯಕಿಯ ಮುಖ ಪರದೆಯಿಂದ ಮರೆಯಾದೊಡನೆ ಅವರ ಬದುಕೇ ಮುಗಿಯಿತೆಂದು ಬರೆಯುವುದು, ಹಾಡು ತಾನಾಗಿಯೇ ಹುಟ್ಟುತ್ತದೆ ಎಂದು ನಂಬಿದಂತಾಗುತ್ತದೆ. ನಮ್ಮ ಆಕಾಶವಾಣಿಯ ಉದ್ಘೋಷಕರು ಚಿತ್ರಗೀತೆಯೊಂದಿಗೆ ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಗಾಯನ ಯಾರದ್ದೆಂದು ತಿಳಿಸುತ್ತಿದ್ದ ಕಾರಣಕ್ಕೇ ಚಿ. ಉದಯಶಂಕರ್, ವಿಜಯನಾರಸಿಂಹ ಅವರಂಥವರ ಹೆಸರುಗಳು ಹಳ್ಳಿಹಳ್ಳಿಯ ಕೇಳುಗರ ಬಾಯಲ್ಲೂ ಇದ್ದವು. ತಮ್ಮ ಪುರವಣಿಯಲ್ಲಿ ಯಾವ ಭಾಷೆಯ ಹಾಡನ್ನು ಕುರಿತು ಬರೆದರೂ, ಹಾಡಿದವರ ಹೆಸರಿನ ಜೊತೆಗೆ ಬರೆದವರ ಮತ್ತು ಸಂಗೀತ ನೀಡಿದವರ ಹೆಸರನ್ನೂ ತಪ್ಪದೆ ಅಚ್ಚು ಮಾಡುವ ಪದ್ಧತಿಯನ್ನು ದಯವಿಟ್ಟು ಪಾಲಿಸಬೇಕು ಮತ್ತು ಲಿಂಡಾ ಪೆರಿಯವರ ಕುರಿತ ಆ ಎರಡು ಸಾಲುಗಳಿಗೆ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕು ಎಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ, ಮೈಸೂರು