ಕೊಳ್ಳ, ಜಲಪಾತಗಳಲ್ಲಿ ಪಯಣಿಗರು ಒಂದು ದಿನ ತಂಗುವಂತಾಗಲಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಬಂತೆಂದರೆ ಗೋಕಾಕ, ಗೊಡಚಿನಮಲ್ಕಿ ಜಲಪಾತಗಳು ತುಂಬಿ ಧುಮ್ಮಿಕ್ಕುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಅದರ ಬೆನ್ನಿಗೇ ಎಲ್ಲೋ ಒಂದು ಕಡೆ ಕಾಲು ಜಾರಿ ನೀರುಪಾಲಾದವರ ಸುದ್ದಿ ಬರುತ್ತದೆ, ಆಮೇಲೆ ಪ್ರವೇಶ ನಿಷೇಧದ ಆದೇಶ ಹೊರಡುತ್ತದೆ, ಚಳಿಗಾಲ ಕಾಲಿಡುವಷ್ಟರಲ್ಲಿ ಆದೇಶವೂ ಅಪಾಯವೂ ಎರಡೂ ಮರೆತುಹೋಗುತ್ತವೆ. ಈ ನೀರಿನ ತಾಣಗಳನ್ನು ಪೂರ್ತಿ ಮುಚ್ಚದೆ, ಪೂರ್ತಿ ಕೈಬಿಡದೆ, ಜನ ಕ್ಷೇಮವಾಗಿ ಒಂದು ದಿನ ಕಳೆದು ಹೋಗುವಂತೆ ಇಟ್ಟುಕೊಳ್ಳಬಹುದು ಎಂಬುದನ್ನು ನಾನು ಆಸ್ಟ್ರೇಲಿಯಾದ ಒಳನಾಡಿನಲ್ಲಿ ಗೆಳೆಯರೊಂದಿಗೆ ಸೈಕಲ್ ಮೇಲೆ ದೂರದ ಪಯಣ ಮಾಡಿದಾಗ ಕಂಡಿದ್ದೇನೆ. ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ಅದರಿಂದ ತೆಗೆದುಕೊಳ್ಳುವಂಥದ್ದು ಬಹಳಷ್ಟಿದೆ ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ಭಾಗದ ಕಿಂಬರ್ಲಿ ಪ್ರದೇಶದಲ್ಲಿ ಡರ್ಬಿ ಪಟ್ಟಣದ ಕಡೆಯಿಂದ ಕುನುನರಾ ಕಡೆಗೆ ಸುಮಾರು 660 ಕಿ.ಮೀ. ಹಾಯುವ ಗಿಬ್ ರಿವರ್ ರೋಡ್ ಮೂಲತಃ ದನಗಳನ್ನು ಸಾಗಿಸಲೆಂದು ಮಾಡಿದ ರಸ್ತೆ. ಅದರ ಬಹುಭಾಗಕ್ಕೆ ಇಂದಿಗೂ ಡಾಂಬರಿಲ್ಲ. ಅಲ್ಲಿಯ ಮಳೆಗಾಲದಲ್ಲಿ ಹೊಳೆಗಳು ರಸ್ತೆಯ ಮೇಲೇ ಹರಿಯುವುದರಿಂದ ಆಗ ಅದನ್ನು ಮುಚ್ಚುತ್ತಾರೆ. ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್ ತನಕ, ಒಣ ಹವೆಯಲ್ಲಿ ಮಾತ್ರ ಪಯಣಿಗರು ಓಡಾಡುತ್ತಾರೆ. ಕೆಂಪು ಧೂಳಿನ ಆ ದಾರಿ ಪತ್ರಾಸಿನ ಮೈಯಂತೆ ಅಡ್ಡಡ್ಡ ಅಲೆ ಎದ್ದಿರುತ್ತದೆ. ಅದರ ಮೇಲೆ ದಿನವಿಡೀ ತುಳಿದರೆ ಹ್ಯಾಂಡಲ್ ಹಿಡಿದ ಅಂಗೈ ಮರಗಟ್ಟುತ್ತದೆ, ಕ್ಯಾರಿಯರಿನ ಬೋಲ್ಟುಗಳು ಸಡಿಲಾಗುತ್ತವೆ, ಚೈನಿನೊಳಗೆ ಧೂಳು ಸೇರಿ ಹಲ್ಲುಗಳನ್ನು ಸವೆಸುತ್ತದೆ. ಅಂಗಡಿಯಿಂದ ಅಂಗಡಿಗೆ ಎರಡು ಮೂರು ದಿನಗಳ ಹಾದಿ ಇರುವ ಕಡೆ ಕುಡಿಯುವ ನೀರನ್ನೂ ದವಸವನ್ನೂ ಸೈಕಲ್ ಮೇಲೆಯೇ ಹೊರಬೇಕಾಗುತ್ತದೆ.

ಇಂಥ ದಾರಿಯಲ್ಲಿ ನಡುನಡುವೆ ಪೂರ್ತಿ ಒಂದು ದಿನ ಸೈಕಲ್ಲಿನಿಂದ ಇಳಿಯಲೇಬೇಕು. ತೊಡೆಯ ಸ್ನಾಯುಗಳು ಚೇತರಿಸಿಕೊಳ್ಳಲು, ಸೈಕಲ್ಲಿನ ಸೀಟಿನ ಮೇಲೆ ಕೂತು ಉಜ್ಜಿದ ಚರ್ಮ ಮಾಗಲು, ಬಟ್ಟೆ ಒಗೆಯಲು, ಬಿಡಿಭಾಗಗಳನ್ನು ಬಿಗಿ ಮಾಡಲು ಆ ದಿನ ಬೇಕು. ಆದರೆ ದಿನವಿಡೀ ಡೇರೆಯಲ್ಲಿ ಮಲಗಿದರೆ ಮೈ ಇನ್ನಷ್ಟು ಬಿಗಿಯುತ್ತದೆ; ಹಗುರವಾದ ನಡಿಗೆ, ತಣ್ಣೀರಿನಲ್ಲಿ ಒಂದಷ್ಟು ಈಜು ಇವೇ ದೇಹಕ್ಕೆ ಹಿತ. ಕಿಂಬರ್ಲಿಯ ದೊಡ್ಡ ಭಾಗ್ಯವೆಂದರೆ ಆ ರಸ್ತೆಯ ಉದ್ದಕ್ಕೂ ಬೆಟ್ಟಗಳನ್ನು ಸೀಳಿಕೊಂಡು ಹೋದ ಕೊಳ್ಳಗಳಿವೆ. ಸುತ್ತಲಿನ ಬಯಲು ಒಣಗಿ ಬಿಳಿಚಿಕೊಂಡಿದ್ದರೂ ಎತ್ತರದ ಬಂಡೆಗೋಡೆಗಳ ನೆರಳಿನಲ್ಲಿ, ಕಲ್ಲಿನ ಬಿರುಕುಗಳಿಂದ ಜಿನುಗುವ ನೀರಿನ ಆಸರೆಯಲ್ಲಿ ಮಡುಗಳು ಉಳಿದಿರುತ್ತವೆ. ಪಯಣಿಗರು ವಿಶ್ರಾಂತಿಯ ದಿನಗಳನ್ನು ಲೆಕ್ಕ ಹಾಕುವುದೇ ಈ ಕೊಳ್ಳಗಳನ್ನು ನೋಡಿಕೊಂಡು.

ಅವುಗಳಲ್ಲಿ ವಿಂಜಾನಾ ಕೊಳ್ಳವನ್ನು ಮೊದಲು ಹೇಳಬೇಕು. ನೇಪಿಯರ್ ಬೆಟ್ಟಸಾಲನ್ನು ಲೆನಾರ್ಡ್ ನದಿ ಕೊರೆದು ಮಾಡಿದ ಈ ಕೊಳ್ಳ 3 ಕಿ.ಮೀ.ಗೂ ಹೆಚ್ಚು ಉದ್ದವಾಗಿದೆ. ಅದರ ಸುಣ್ಣಕಲ್ಲಿನ ಗೋಡೆಗಳು 35 ಕೋಟಿ ವರ್ಷಗಳಿಗೂ ಹಿಂದೆ ಕಡಲಿನೊಳಗೆ ಬೆಳೆದ ದಿಬ್ಬದ ಅವಶೇಷಗಳು. ಕಡಲಜೀವಿಗಳ ಅಚ್ಚುಗಳು ಇಂದಿಗೂ ಆ ಕಲ್ಲಿನಲ್ಲಿ ಕಾಣುತ್ತವೆ. ಮಡುಗಳ ದಂಡೆಯಲ್ಲಿ ಸಿಹಿನೀರಿನ ಮೊಸಳೆಗಳು ಬಿಸಿಲು ಕಾಯುತ್ತ ಮಲಗಿರುತ್ತವೆ. ಅಲ್ಲಿಗೆ ಸಮೀಪದ ಟನಲ್ ಕ್ರೀಕ್ ಎಂಬಲ್ಲಿ ಹೊಳೆ ಬೆಟ್ಟದಡಿ 750 ಮೀಟರ್ ಸುರಂಗ ಕೊರೆದಿದ್ದು, ಟಾರ್ಚ್ ಹಿಡಿದು ಮೊಣಕಾಲುದ್ದ ನೀರಿನಲ್ಲಿ ಈ ಬದಿಯಿಂದ ಆ ಬದಿಗೆ ನಡೆಯಬಹುದು. ವಸಾಹತುಗಾರರ ವಿರುದ್ಧ ಹೋರಾಡಿದ ಬುನುಬಾ ಜನಾಂಗದ ಜಂಡಮರಾ ಇದೇ ನೆಲೆಯಲ್ಲಿ ಅಡಗಿದ್ದು 1897ರಲ್ಲಿ ಇಲ್ಲಿಯೇ ಹತನಾದ. ನರಗುಂದ, ಕಿತ್ತೂರು, ಹಲಗಲಿಗಳ ಕಥೆ ಕೇಳಿ ಬೆಳೆದ ನಮಗೆ ಆ ಕತ್ತಲೆಯಲ್ಲಿ ನಿಂತಾಗ ಪರದೇಶದಲ್ಲಿದ್ದೇವೆ ಎನ್ನಿಸಲಿಲ್ಲ.

ಇನ್ನೂ ಮುಂದೆ ಮುಖ್ಯ ರಸ್ತೆಯಿಂದ ಸುಮಾರು 30 ಕಿ.ಮೀ. ಒಳಗಿರುವ ಬೆಲ್ ಕೊಳ್ಳದಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಆಳವಾದ ಮಡುವನ್ನು ಸೇರುತ್ತದೆ. ಗ್ಯಾಲ್ವನ್ಸ್ ಕೊಳ್ಳವಂತೂ ರಸ್ತೆಯ ಮಗ್ಗುಲಲ್ಲೇ ಇದೆ. ಮ್ಯಾನಿಂಗ್ ಕೊಳ್ಳದ ನಡಿಗೆ ಶುರುವಾಗುವುದೇ ಹೊಳೆ ದಾಟುವುದರಿಂದ. ಬಟ್ಟೆ ಮತ್ತು ಬುತ್ತಿ ಒದ್ದೆಯಾಗದಂತೆ ತೇಲಿಸಿಕೊಂಡು ಒಯ್ಯಲು ದಂಡೆಯಲ್ಲಿ ಹಗುರವಾದ ಪೆಟ್ಟಿಗೆಗಳನ್ನು ಇಟ್ಟಿದ್ದರು.

ನನ್ನ ಗಮನ ಸೆಳೆದದ್ದು ಆ ಪೆಟ್ಟಿಗೆಗಳಂಥ ವ್ಯವಸ್ಥೆ. ನೂರಾರು ಕಿ.ಮೀ. ನಡುವೆ ಒಂದು ಊರಿಲ್ಲದ ಆ ಸೀಮೆಯಲ್ಲಿ ದೊಡ್ಡ ಕಟ್ಟಡಗಳಿಲ್ಲ, ಗಾಜಿನ ಸೇತುವೆಗಳಿಲ್ಲ, ಬಣ್ಣದ ದೀಪಗಳಿಲ್ಲ. ಕಾಲುದಾರಿಯ ಬಾಯಲ್ಲಿ ಒಂದು ಫಲಕ ಇರುತ್ತದೆ: ಹೋಗಿಬರಲು ಎಷ್ಟು ತಾಸು ಬೇಕು, ದಾರಿ ಎಷ್ಟು ಕಠಿಣ, ಎಲ್ಲಿ ಈಜಬಹುದು, ಎಲ್ಲಿ ಮೊಸಳೆಯ ಭಯವಿದೆ, ಎಷ್ಟು ನೀರು ಒಯ್ಯಬೇಕು. ದೇಶದಾದ್ಯಂತ ನಡಿಗೆಯ ದಾರಿಗಳನ್ನು ಕಷ್ಟದ ಪ್ರಕಾರ ದರ್ಜೆಗಳಾಗಿ ವಿಂಗಡಿಸಿದ್ದಾರೆ. ಮಕ್ಕಳು, ವೃದ್ಧರು ಹೋಗಬಹುದಾದ ದಾರಿ ಯಾವುದು, ಬಂಡೆ ಹತ್ತುವ ಅಭ್ಯಾಸ ಇದ್ದವರಿಗಷ್ಟೇ ತಕ್ಕ ದಾರಿ ಯಾವುದು ಎಂಬುದು ಹೊಸಬರಿಗೂ ತಿಳಿಯುತ್ತದೆ. ಪಕ್ಕದ ನಾರ್ದರ್ನ್ ಟೆರಿಟರಿಯಲ್ಲಿ ಮಳೆಗಾಲ ಮುಗಿದ ಮೇಲೆ ಸಿಬ್ಬಂದಿ ಮಡುಗಳನ್ನು ಪರಿಶೀಲಿಸಿ, ಅಪಾಯಕಾರಿ ಮೊಸಳೆಗಳು ಇಲ್ಲವೆಂದು ಖಾತ್ರಿಯಾದ ನಂತರವೇ ಈಜಲು ಬಿಡುತ್ತಾರೆ. ಕಿಂಬರ್ಲಿಯ ಪೂರ್ವ ತುದಿಯ ಝೆಬಿಡಿ ಎಂಬ ಬಿಸಿನೀರಿನ ಬುಗ್ಗೆಗಳಿಗೆ ಸಾರ್ವಜನಿಕರಿಗೆ ಮಧ್ಯಾಹ್ನದವರೆಗೆ ಮಾತ್ರ ಪ್ರವೇಶ. ದಕ್ಷಿಣದ ಪಿಲ್ಬರಾ ಪ್ರದೇಶದ ಕರಿಜಿನಿ ರಾಷ್ಟ್ರೀಯ ಉದ್ಯಾನದಲ್ಲಿ ಫರ್ನ್ ಪೂಲ್ ಎಂಬ ಮಡು ಮೂಲನಿವಾಸಿಗಳಿಗೆ ಪವಿತ್ರವಾದದ್ದು. ಅಲ್ಲಿ ಗದ್ದಲ ಮಾಡದೆ, ಧುಮುಕದೆ ಮೆಲ್ಲಗೆ ನೀರಿಗಿಳಿಯಬೇಕೆಂದು ಬಂದವರನ್ನು ಕೇಳಿಕೊಳ್ಳುತ್ತಾರೆ.

ಈಗ ನಮ್ಮ ನೆಲಕ್ಕೆ ಬರುತ್ತೇನೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳನ್ನು ಕೊಟ್ಟ ಜಿಲ್ಲೆಗಳು. ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನೋಡಲು ಊರಿಗೆ ಊರೇ ರಸ್ತೆಗೆ ಬರುತ್ತದೆ. ಆದರೆ ವೇಗದ ಸೈಕಲ್ಲಿಗೆ ಸಿಕ್ಕ ಮರ್ಯಾದೆ ದೂರ ಪಯಣದ ಸೈಕಲ್ಲಿಗೆ ನಮ್ಮಲ್ಲಿ ಸಿಕ್ಕಿಲ್ಲ. ವಿಜಯಪುರದಿಂದ ಹೊರಟು ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ ಬಾಗಲಕೋಟೆ, ಬಾದಾಮಿ, ರಾಮದುರ್ಗ, ಸವದತ್ತಿ, ಗೋಕಾಕಗಳ ಮೇಲೆ ಬೆಳಗಾವಿ ಸೇರುವ 300 ಕಿ.ಮೀ.ಗೂ ಮೀರಿದ ಹಾದಿ ಸೈಕಲ್ ಪಯಣಕ್ಕೆ ಹೇಳಿ ಮಾಡಿಸಿದಂತಿದೆ. ಹುನಗುಂದದ ಕಡೆ ತಿರುಗಿದರೆ ಐಹೊಳೆಯ ಬಳಿಯ ಸಿದ್ದನಕೊಳ್ಳ, ಬಾದಾಮಿಯಲ್ಲಿ ಮಳೆ ಬಿದ್ದಾಗ ಬಂಡೆಯ ತುದಿಯಿಂದ ಧುಮುಕುವ ಅಕ್ಕ-ತಂಗಿ ಜಲಪಾತ, ಸುರೇಬಾನದ ಹತ್ತಿರದ ಶಬರಿಕೊಳ್ಳ, ಮಲಪ್ರಭೆ ಬೆಟ್ಟವನ್ನು ಸೀಳುವ ನವಿಲುತೀರ್ಥ, ಸೊಗಲದ ಸೋಮೇಶ್ವರನ ಸನ್ನಿಧಿಯ ಜಲಪಾತ, ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ ಇಳಿಯುವ ಗೊಡಚಿನಮಲ್ಕಿ, ಕೊನೆಗೆ ಘಟಪ್ರಭೆ 52 ಮೀಟರ್ ಎತ್ತರದಿಂದ ಬೀಳುವ ಗೋಕಾಕ. ಇವುಗಳಲ್ಲಿ ಹೆಚ್ಚಿನವು ಕಲಾದಗಿಯ ಹೆಸರಿನಿಂದಲೇ ಭೂವಿಜ್ಞಾನಿಗಳು ಗುರುತಿಸುವ ಪುರಾತನ ಮರಳುಕಲ್ಲಿನಲ್ಲಿ ಮೂಡಿದಂಥವು. ಆಸ್ಟ್ರೇಲಿಯಾದಲ್ಲಿ ಎರಡು ಮೂರು ದಿನ ತುಳಿದ ಮೇಲೆ ಸಿಗುವ ಭಾಗ್ಯ ನಮ್ಮಲ್ಲಿ ದಿನಕ್ಕೊಂದರಂತೆ ಸಿಗುತ್ತದೆ. ಜೊತೆಗೆ ದಾರಿಯುದ್ದಕ್ಕೂ ಖಾನಾವಳಿಗಳಲ್ಲಿ ಬಿಸಿ ರೊಟ್ಟಿ, ಝುಣಕ ಇದೆ, ಸಿದ್ದನಕೊಳ್ಳದಂಥ ಕಡೆ ಬಂದವರಿಗೆ ದಾಸೋಹವೂ ಇದೆ.

ಇಲ್ಲದಿರುವುದು ಕ್ಷೇಮವಾಗಿ ದಿನ ಕಳೆಯುವ ಅನುಕೂಲ. ಗೋಕಾಕ ಜಲಪಾತದ ಮೇಲ್ಗಡೆಯ ಬಂಡೆಹಾಸು ಬೇಸಿಗೆಯಲ್ಲಿ ಒಣಗಿ ನಿರಪಾಯವಾಗಿ ಕಾಣುತ್ತದೆ. ಮಳೆಗಾಲದಲ್ಲಿ ಅದೇ ಬಂಡೆ ಪಾಚಿಗಟ್ಟಿ ಜಾರುತ್ತದೆ, ಆದರೂ ಫೋಟೊಕ್ಕಾಗಿ ಜನ ಅಂಚಿನ ತನಕ ಹೋಗುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಜಲಪಾತದ ಬಳಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಸುರಿದು ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. ಬಂಡೆಯ ನಡುವೆ ಕೂತವರಿಗೆ ಹಿಂದಿರುಗುವ ದಾರಿಯೇ ಮುಚ್ಚಿಹೋಗಬಹುದು. ನೀರು ಬಿಡುವ ಮುನ್ನ ನದಿದಂಡೆಯ ಊರುಗಳಿಗೆ ಎಚ್ಚರಿಕೆ ಕೊಡುವ ಪದ್ಧತಿ ಇದ್ದೇ ಇದೆ. ಅದೇ ಎಚ್ಚರಿಕೆ ಜಲಪಾತದ ಬಂಡೆಯ ಮೇಲೆ ನಿಂತ ಪರಊರಿನವರ ಕಿವಿಗೂ ಸೈರನ್ ರೂಪದಲ್ಲಿ ಬೀಳಬೇಕು ಎಂಬುದು ನನ್ನ ಮೊದಲ ಮನವಿ. ಅಂದಿನ ನೀರಿನ ಹರಿವು ಎಷ್ಟು, ಎಲ್ಲಿಯ ತನಕ ಹೋಗಬಹುದು ಎಂಬುದನ್ನು ಪ್ರತಿದಿನ ಬರೆದು ಹಾಕುವ ಒಂದು ಫಲಕಕ್ಕೆ ಆಗುವ ಖರ್ಚು ತೀರ ಅಲ್ಪ. 1887ರಷ್ಟು ಹಿಂದೆಯೇ ಈ ಜಲಪಾತದ ನೀರಿನಿಂದ ಗಿರಣಿಗೆ ಶಕ್ತಿ ತೆಗೆದ ಊರಿಗೆ ಒಂದು ಫಲಕ, ಒಂದು ಸೈರನ್ ಕಷ್ಟದ ಕೆಲಸವೇ ಅಲ್ಲ.

ಉಳಿದ ಕೊಳ್ಳಗಳ ಮಾತು ಬೇರೆ. ಅಲ್ಲಿ ಪ್ರವಾಹಕ್ಕಿಂತ ಅಲಕ್ಷ್ಯದ ತೊಂದರೆ ದೊಡ್ಡದು: ದಾರಿ ತೋರುವ ಗುರುತಿಲ್ಲ, ಒಡೆದ ಬಾಟಲಿಗಳು ಬರಿಗಾಲಿನ ಭಕ್ತರನ್ನೂ ಬಿಡುವುದಿಲ್ಲ, ಬಹಳ ಕಡೆ ಮಹಿಳೆಯರಿಗೆ ಶೌಚಾಲಯವಿಲ್ಲ. ಒಬ್ಬ ಹೆಣ್ಣುಮಗಳು ಸೈಕಲ್ ಮೇಲೆ ಒಬ್ಬಳೇ ಈ ಹಾದಿಯಲ್ಲಿ ಹೊರಟರೆ ಎಲ್ಲಿ ತಂಗುತ್ತಾಳೆ ಎಂಬ ಪ್ರಶ್ನೆಗೆ ಇಂದು ಉತ್ತರವಿಲ್ಲ. ಈಗಾಗಲೇ ಇರುವ ಯಾತ್ರಿ ನಿವಾಸಗಳಲ್ಲಿ, ಮಠಗಳ ಕೋಣೆಗಳಲ್ಲಿ ಕೆಲವನ್ನು ಸೈಕಲ್ ಮತ್ತು ಕಾಲ್ನಡಿಗೆಯ ಪಯಣಿಗರಿಗೆ ಕಡಿಮೆ ದರದಲ್ಲಿ ಕೊಡುವ ಏರ್ಪಾಡು ಮಾಡಿದರೆ ಹೊಸ ಕಟ್ಟಡ ಎಬ್ಬಿಸುವ ಅಗತ್ಯವೇ ಬೀಳದು. ಕೊಳ್ಳದ ಬಾಯಿಗೆ ಕಾಂಕ್ರೀಟ್ ಕಮಾನು ಕಟ್ಟುವುದನ್ನು ಅಭಿವೃದ್ಧಿ ಎಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ. ಜನ ನೋಡಲು ಬರುವುದು ಬಂಡೆಯನ್ನು ಮತ್ತು ನೀರನ್ನು.

ಆಸ್ಟ್ರೇಲಿಯಾದಲ್ಲಿ ಜನ ವಿರಳ, ನಮ್ಮಲ್ಲಿ ಆದಿತ್ಯವಾರ ಸಾವಿರಾರು ಮಂದಿ ಬರುತ್ತಾರೆ, ಅಲ್ಲಿಯ ಪದ್ಧತಿ ಇಲ್ಲಿ ನಡೆಯದು ಎಂದು ಕೆಲವರು ಹೇಳುತ್ತಾರೆ. ಜನಸಂದಣಿಯ ವ್ಯತ್ಯಾಸ ನಿಜ. ಆದರೆ ಸಂದಣಿ ಹೆಚ್ಚಿರುವ ಕಡೆಯೇ ಹೊತ್ತಿನ ಮಿತಿ, ದಾರಿಯ ದರ್ಜೆ, ಋತುವಿನ ನಿಯಮಗಳು ಹೆಚ್ಚು ಬೇಕು. ಎಲ್ಲರಿಗೂ ಏಕಪ್ರಕಾರ ನಿಷೇಧ ಹಾಕಿದಾಗ ನಿಯಮ ಪಾಲಿಸುವವರು ಮನೆಯಲ್ಲಿ ಉಳಿಯುತ್ತಾರೆ, ಪಾಲಿಸದವರು ಕಳ್ಳದಾರಿಯಿಂದ ಇಳಿದು ಇನ್ನೂ ಅಪಾಯದ ಜಾಗ ಸೇರುತ್ತಾರೆ. ಸ್ಥಳೀಯ ಯುವಕ ಯುವತಿಯರಿಗೆ ಈಜು ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟು, ಗುರುತಿನ ಚೀಟಿಯೊಂದಿಗೆ ಮಾರ್ಗದರ್ಶಕರನ್ನಾಗಿ ನೇಮಿಸಿದರೆ ಅವರಿಗೂ ದುಡಿಮೆ ಸಿಗುತ್ತದೆ.

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲಾಡಳಿತಗಳು, ಪ್ರವಾಸೋದ್ಯಮ, ಅರಣ್ಯ ಮತ್ತು ನೀರಾವರಿ ಇಲಾಖೆಗಳು ಒಟ್ಟಿಗೆ ಕೂತು ಈ ಕೆಲಸವನ್ನು ಗೋಕಾಕ ಮತ್ತು ಗೊಡಚಿನಮಲ್ಕಿಗಳಿಂದ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಬರುವ ಮಳೆಗಾಲಕ್ಕೆ ಮುಂಚೆ ಕಾಲುದಾರಿಗಳನ್ನು ಅಳೆದು ದರ್ಜೆ ಗೊತ್ತುಮಾಡಲು, ಫಲಕದ ಕನ್ನಡ ಒಕ್ಕಣೆ ಬರೆಯಲು, ಗಾಜಿನ ಚೂರು ಹೆಕ್ಕಲು ನಮ್ಮ ಭಾಗದ ಸೈಕಲ್ ಹವ್ಯಾಸಿಗಳು ಕೂಲಿ ಕೇಳದೆ ಬರುತ್ತೇವೆ. ದಿನ ಮತ್ತು ಜಾಗವನ್ನು ಅಧಿಕಾರಿಗಳು ತಿಳಿಸಿದರೆ ಸಾಕು.

ಇಂತಿ,
ಸೈಕಲ್ ಪಯಣದ ಹವ್ಯಾಸಿ,
ನವನಗರ, ಬಾಗಲಕೋಟೆ