ಬೇಲ್ ಆಗಿದೆ, ಮಗ ಯಾಕೆ ಬಂದಿಲ್ಲ?

ಸಂಪಾದಕರಿಗೆ ನಮಸ್ಕಾರ.

ಪರಪ್ಪನ ಅಗ್ರಹಾರ ಜೈಲಿನಲ್ಲಿ ಕೆಲವರಿಗೆ ಮೊಬೈಲು, ಟಿವಿ, ಸಿಗರೇಟು ಸಿಗುತ್ತಿರುವ ಫೋಟೊ, ವಿಡಿಯೊ ಹೊರಬಂದಾಗಲೆಲ್ಲ ನಮ್ಮೂರ ಅರಳಿಕಟ್ಟೆಯ ಮೇಲೂ ಅದೇ ಮಾತು. ‘ಜೈಲು ಮಾವನ ಮನೆ ಆಗಿಹೋಗಿದೆ, ಇನ್ನೂ ಬಿಗಿ ಮಾಡಬೇಕು’ ಅಂತ ಎಲ್ಲರೂ ಹೇಳುತ್ತಾರೆ. ಆ ಸಿಟ್ಟು ನನಗೂ ಬರುತ್ತದೆ. ಆದರೆ ಬಿಗಿ ಮಾಡಿ ಅನ್ನುವ ಮೊದಲು ಒಳಗಿರುವವರು ಯಾರು ಅಂತ ಒಂದು ಸಲ ನೋಡಬೇಕಲ್ವಾ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ 2022ರ ಲೆಕ್ಕದ ಪ್ರಕಾರ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಕೇಸು ಇನ್ನೂ ತೀರ್ಮಾನವೇ ಆಗಿಲ್ಲ. ತಪ್ಪು ಮಾಡಿದ್ದಾರೋ ಇಲ್ಲವೋ ಗೊತ್ತಾಗುವ ಮೊದಲೇ ಜೈಲು ಅನುಭವಿಸುತ್ತಿದ್ದಾರೆ.

ಇವರಲ್ಲಿ ಬೇಲ್ ಸಿಕ್ಕಿಯೂ ಹೊರಗೆ ಬರಲಾಗದವರು ಇದ್ದಾರೆ. ಅಂಥ ಒಬ್ಬನ ವಿಷಯ ಬರೆಯುತ್ತೇನೆ. ನಾನು ಅವನಿಗೆ ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವನು.

ಕೆಲವು ವರ್ಷಗಳ ಹಿಂದೆ ಅವನು ಅಡಿಕೆ ಕೊಯ್ಲಿನ ಕೆಲಸಕ್ಕೆ ಅಂತ ಪಕ್ಕದ ಜಿಲ್ಲೆಗೆ ಹೋಗಿದ್ದ. ಅಲ್ಲಿ ಕಣದಿಂದ ಎರಡು ಮೂಟೆ ಒಣ ಅಡಿಕೆ ಕಾಣೆಯಾಯಿತು. ಹೊರಗಿನಿಂದ ಬಂದವನು ಅಂತ ಇವನ ಮೇಲೇ ಅನುಮಾನ. ಕಳವು ಕೇಸು, ಜೈಲು. ಒಂದು ತಿಂಗಳ ಮೇಲೆ ಅವನ ತಾಯಿ ನಮ್ಮ ಮನೆಗೆ ಬಂದರು. ಜಗಲಿ ಮೇಲೆ ಕೂತು ಕೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: ‘ಮೇಷ್ಟ್ರೇ, ಬೇಲ್ ಆಗೈತೆ ಅಂತಾರೆ. ಮಗ ಯಾಕೆ ಬಂದಿಲ್ಲ?’

ನಾನು ಹೋಗಿ ವಿಚಾರಿಸಿದೆ. ಬೇಲ್ ಆಗಿದ್ದು ನಿಜ. ಐವತ್ತು ಸಾವಿರದ ಬಾಂಡು, ಇಬ್ಬರು ಶ್ಯೂರಿಟಿ, ಅಂದರೆ ಇವನು ಕೋರ್ಟಿಗೆ ಬರುತ್ತಾನೆ ಅಂತ ಆಸ್ತಿ ಕಾಗದ ತೋರಿಸಿ ಹೊಣೆ ನಿಲ್ಲುವವರು, ಅವರು ಅದೇ ಜಿಲ್ಲೆಯವರಾಗಿರಬೇಕು. ಆ ಜಿಲ್ಲೆಯಲ್ಲಿ ಅವನಿಗೆ ಗೊತ್ತಿದ್ದವರು ಯಾರು? ಅವನ ಮೇಲೆ ದೂರು ಕೊಟ್ಟ ತೋಟದವರು! ನನ್ನ ಪಹಣಿ ತೋರಿಸಿದರೆ ‘ಬೇರೆ ಜಿಲ್ಲೆಯದು, ನಡೆಯಲ್ಲ’ ಎಂದರು. ಕೋರ್ಟಿನ ಹೊರಗೆ ಟೀ ಅಂಗಡಿ ಹತ್ತಿರ ಒಬ್ಬ ಬಂದು, ದುಡ್ಡು ಕೊಟ್ಟರೆ ಶ್ಯೂರಿಟಿ ತಾನೇ ನಿಲ್ಲಿಸುತ್ತೇನೆ ಅಂದ. ಅದು ಸುಳ್ಳು ಕಾಗದದ ವ್ಯವಹಾರ. ಬೇಡ ಅಂದೆ. ಮನೆಗೆ ಬರುವಾಗ ಬಸ್ಸಿನಲ್ಲಿ, ಬೇಡ ಅಂದಿದ್ದಕ್ಕೆ ಆ ಹುಡುಗ ಇನ್ನೆಷ್ಟು ದಿನ ಒಳಗಿರಬೇಕೋ ಅಂತ ಯೋಚಿಸಿ ಸಂಕಟವಾಯಿತು.

ಕೊನೆಗೆ ಆ ಕಡೆ ಜಮೀನಿರುವ ನನ್ನ ಭಾವಮೈದುನ ಮತ್ತು ಅವರ ಪರಿಚಯದ ಒಬ್ಬರು ನಿಂತರು. ಅವರಲ್ಲೂ ಒಬ್ಬರ ಪಹಣಿ ಜಂಟಿ ಖಾತೆ, ಅದು ಸರಿಯಿಲ್ಲ, ಮತ್ತೆ ಮನೆ ಕಂದಾಯದ ರಸೀದಿ ತನ್ನಿ. ಹೀಗೆ ಅಲೆದಾಡಿ ಮುಗಿಯುವ ಹೊತ್ತಿಗೆ ಅವನು ಒಳಗೆ ಹೋಗಿ ಐದು ತಿಂಗಳಾಗಿತ್ತು. ಬೇಲ್ ಸಿಕ್ಕಿದ್ದು ಮಾತ್ರ ಹದಿನೆಂಟನೇ ದಿನಕ್ಕೆ.

ಹೊರಗೆ ಬಂದ ದಿನ ಅವನನ್ನು ಹೋಟೆಲಿಗೆ ಕರೆದುಕೊಂಡು ಹೋದೆ. ಇಡ್ಲಿ ತಿಂದು ಮುಗಿಸಿದ. ತಟ್ಟೆ ಎತ್ತಿಕೊಂಡು ಹೋದರು. ಆದರೂ ಎದ್ದೇಳಲಿಲ್ಲ, ಸುಮ್ನೆ ಕೂತಿದ್ದ. ‘ಹೋಗೋಣ್ವೇನೋ’ ಅಂದ ಮೇಲೆ ಎದ್ದ. ಯಾರಾದರೂ ಹೇಳದೆ ಎದ್ದೇಳುವುದನ್ನು ಐದೇ ತಿಂಗಳಲ್ಲಿ ಮರೆತಿದ್ದ. ಬಸ್ಸಿನಲ್ಲಿ ಇನ್ನೊಂದು ವಿಷಯ ಹೇಳಿದ. ಒಳಗಿದ್ದವರು ‘ತಪ್ಪು ಒಪ್ಕೊಂಡುಬಿಡು, ಇಷ್ಟು ದಿನ ಇದ್ದದ್ದನ್ನೇ ಶಿಕ್ಷೆ ಅಂತ ಹಿಡ್ಕೊಂಡು ಬಿಡ್ತಾರೆ’ ಅಂತ ಬುದ್ಧಿ ಹೇಳಿದ್ದರಂತೆ. ಮಾಡದ ಕಳ್ಳತನ ಒಪ್ಪಿಕೊಂಡರೆ ಬೇಗ ಮನೆ, ಇಲ್ಲ ಅಂದರೆ ಜೈಲೇ ಗತಿ. ಇಂಥ ಆಯ್ಕೆಯನ್ನು ಒಬ್ಬ ಮನುಷ್ಯನ ಮುಂದೆ ಇಡುವುದು ತಪ್ಪು. ಬಹಳ ದೊಡ್ಡ ತಪ್ಪು. ಅವನು ಒಪ್ಪಿಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಕೇಸು ಖುಲಾಸೆ ಆಯಿತು.

ಇದಕ್ಕೆ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. 1978ರಲ್ಲೇ ಮೋತಿರಾಮ್ ಎಂಬ ಗಾರೆ ಕೆಲಸದವರ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಅವರ ಅಣ್ಣತಮ್ಮಂದಿರಲ್ಲಿ ಒಬ್ಬರು ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಿರಲಿಲ್ಲ. ನಮ್ಮ ಹುಡುಗನ ಕಥೆಯೇ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ತಪ್ಪು ಅಂದರು. ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತರ್‌ನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿಯ ಶ್ಯೂರಿಟಿ ಎಲ್ಲಿಂದ ತರಬೇಕು ಅಂತ ತೀರ್ಪಿನಲ್ಲೇ ಕೇಳಿದರು. ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಲು ಹೇಳಿದರು. ಇಷ್ಟು ವರ್ಷ ಆದ ಮೇಲೂ ಕನ್ನಡಿಗನೊಬ್ಬ ಕರ್ನಾಟಕದಲ್ಲೇ ಪಕ್ಕದ ಜಿಲ್ಲೆಗೆ ಹೋಗಿ ಅದೇ ಗೋಡೆಗೆ ತಲೆ ಚಚ್ಚಿಕೊಂಡ.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟವಾಗಿ ಹೇಳಿತು. ಬೇಲ್ ಆದೇಶ ಅದೇ ದಿನ ಇಲ್ಲವೇ ಮರುದಿನ ಇ-ಮೇಲ್‌ನಲ್ಲಿ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಕೊಡಲು ಆಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ನೋಡಬಹುದು. ಸ್ಥಳೀಯ ಶ್ಯೂರಿಟಿಗೆ ಪಟ್ಟು ಹಿಡಿಯುವುದರಿಂದ ತಡವಾಗುತ್ತಿದೆ, ಅಂಥ ಷರತ್ತು ಹಾಕದಿರಬಹುದು ಅಂತಲೂ ಹೇಳಿತು. ಬಡ ಕೈದಿಗಳಿಗೆ ಬೇಲ್ ಹಣಕ್ಕೆ ನೆರವು ಕೊಡುವ ಕೇಂದ್ರದ ಯೋಜನೆಯೂ ಬಂದಿದೆ. ಒಳ್ಳೆಯದೇ. ಆದರೆ ನಮ್ಮ ಹುಡುಗನಿಗೆ ಬೇಕಾಗಿದ್ದು ಹಣಕ್ಕಿಂತ ಜಾಸ್ತಿ, ಪಹಣಿ ಹಿಡಿದು ಪಕ್ಕದಲ್ಲಿ ನಿಲ್ಲುವ ಒಬ್ಬ ಮನುಷ್ಯ.

‘ಬಿಟ್ಟರೆ ಓಡಿಹೋಗ್ತಾರೆ’ ಅಂತ ಕಟ್ಟೆಯ ಮೇಲೆ ಹೇಳುವವರಿಗೆ ನನ್ನದೊಂದು ಮಾತು. ಅವನ ರೇಷನ್ ಕಾರ್ಡು ಊರಲ್ಲಿದೆ, ತಾಯಿ ಊರಲ್ಲಿದ್ದಾರೆ. ಅವನು ಎಲ್ಲಿಗೆ ಓಡಬೇಕು? ವಿಮಾನ ಹತ್ತಿ ದೇಶ ಬಿಟ್ಟು ಹೋಗಬಲ್ಲವರಿಗೆ ಶ್ಯೂರಿಟಿಯ ಕೊರತೆ ಯಾವತ್ತೂ ಇಲ್ಲ. ಅಡಿಕೆ ಕಳೆದುಕೊಂಡವರ ನೋವೂ ನನಗೆ ಗೊತ್ತು. ನಮ್ಮ ಬೋರ್‌ವೆಲ್ಲಿನ ಕೇಬಲ್ ಕದ್ದಾಗ ಬೇಸಿಗೆಯಲ್ಲಿ ಹದಿನೈದು ದಿನ ತೆಂಗಿನ ಸಸಿಗಳಿಗೆ ನೀರಿರಲಿಲ್ಲ. ಕಳ್ಳ ಸಿಗಬೇಕು, ಶಿಕ್ಷೆಯೂ ಆಗಬೇಕು. ಆದರೆ ಅವನು ಐದು ತಿಂಗಳು ಒಳಗಿದ್ದುದರಿಂದ ಆ ತೋಟದವರಿಗೆ ಒಂದು ಅಡಿಕೆಯೂ ವಾಪಸು ಬರಲಿಲ್ಲ.

ನಿಮ್ಮ ಪತ್ರಿಕೆಗೆ ಒಂದು ಕೋರಿಕೆ ಇದೆ. ಬೇಲ್ ಸಿಕ್ಕಿ ಏಳು ದಿನ ಆದರೂ ಒಳಗೇ ಇರುವವರು ಎಷ್ಟು ಅನ್ನುವುದು ಪ್ರತಿ ಜೈಲಿನವರಿಗೂ ಗೊತ್ತಿರಲೇಬೇಕು, ಯಾಕೆಂದರೆ ಅದನ್ನು ತಿಳಿಸುವ ಹೊಣೆ ಅವರದೇ. ಹೆಸರು ಬೇಡ, ಜಿಲ್ಲಾವಾರು ಲೆಕ್ಕ ಮಾತ್ರ ಕೇಳಿ ತೆಗೆದುಕೊಳ್ಳಿ. ಜಲಾಶಯಗಳ ನೀರಿನ ಮಟ್ಟವನ್ನೂ ಅಡಿಕೆ ಧಾರಣೆಯನ್ನೂ ಹಾಕುವ ಪುಟದಲ್ಲಿ ತಿಂಗಳಿಗೊಮ್ಮೆ ಅದನ್ನೂ ಹಾಕಿ. ತಮ್ಮವರು ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಓದುಗರು 15100ಕ್ಕೆ ಫೋನ್ ಮಾಡಬಹುದು, ಅದು ಉಚಿತ ಕಾನೂನು ನೆರವಿನ ಸಹಾಯವಾಣಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಈ ನೆರವು ಸಿಗುತ್ತದೆ. ಆ ತಾಯಿ ನಮ್ಮ ಜಗಲಿಗೆ ಬಂದಾಗ ಈ ನಂಬರು ನನಗೇ ಗೊತ್ತಿರಲಿಲ್ಲ.

ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ,
ತುಮಕೂರು ಜಿಲ್ಲೆ